ಆ 31 ಅಲ್ಲಿ ಯಾಕಿದೆ? ಗಿಟ್ ಜೊತೆ ದಿನನಿತ್ಯದ ಕೆಲಸ

ಅಂಗಡಿಗಳಿಗೆ ಬಿಲ್ ಮುದ್ರಿಸಿಕೊಡುವ ಒಂದು ಸಣ್ಣ ಪ್ರೋಗ್ರಾಮನ್ನು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ಕಡೆ ಬಿಲ್ಲಿನ ಸಾಲಿನ ಅಗಲ 31 ಅಂತ ಬರೆದಿತ್ತು. ಅಂಗಡಿಗಳಲ್ಲಿ ಇರುವ 58 ಮಿಲಿಮೀಟರ್ ಥರ್ಮಲ್ ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಲಿಗೆ 32 ಇಂಗ್ಲಿಷ್ ಅಕ್ಷರ ಹಿಡಿಸುತ್ತವೆ. ಯಾರೋ ಎಣಿಸುವಾಗ ಒಂದು ತಪ್ಪಿದ್ದಾರೆ ಅಂದುಕೊಂಡೆ. 32 ಅಂತ ತಿದ್ದುವುದಕ್ಕೆ ಅರ್ಧ ನಿಮಿಷದ ಕೆಲಸ.

ನಮ್ಮ ಕೋಡಿಗೆ ಆದ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ತಂತ್ರಾಂಶ ಗಿಟ್. ಹಾಗೆ ಸಂದೇಶದ ಜೊತೆ ದಾಖಲಾದ ಒಂದೊಂದು ಬದಲಾವಣೆಗೂ ಕಮಿಟ್ ಅನ್ನುತ್ತಾರೆ. ತಿದ್ದುವ ಮುಂಚೆ ಆ ಸಾಲಿನ ಮೇಲೆ ‘ಗಿಟ್ ಬ್ಲೇಮ್’ ಓಡಿಸಿದೆ. ಒಂದೊಂದು ಸಾಲನ್ನೂ ಕೊನೆಯದಾಗಿ ಯಾರು, ಯಾವಾಗ, ಯಾವ ಕಮಿಟ್‌ನಲ್ಲಿ ಮುಟ್ಟಿದರು ಅಂತ ತೋರಿಸುವ ಆಜ್ಞೆ ಅದು. ಕೆಲಸ ಬಿಟ್ಟು ಹೋದ ಸಹೋದ್ಯೋಗಿಯೊಬ್ಬರ ಎರಡು ವರ್ಷ ಹಳೆಯ ಕಮಿಟ್ ಸಿಕ್ಕಿತು. ಅದರ ಸಂದೇಶ ಹೀಗಿತ್ತು: ‘32 ಅಕ್ಷರ ಪೂರ್ತಿ ತುಂಬಿದರೆ ಈ ಪ್ರಿಂಟರ್ ತಾನಾಗಿಯೇ ಮುಂದಿನ ಸಾಲಿಗೆ ಹೋಗುತ್ತದೆ. ಅದರ ಮೇಲೆ ನಾವು ಕಳಿಸುವ ಹೊಸ ಸಾಲಿನ ಗುರುತೂ ಸೇರಿ ಮಧ್ಯೆ ಒಂದು ಖಾಲಿ ಸಾಲು ಬೀಳುತ್ತದೆ. ಪೇಪರ್ ದುಪ್ಪಟ್ಟು ಖರ್ಚಾಗುತ್ತಿತ್ತು. ಅದಕ್ಕೇ 31.’

ನಾನು ಆ ಸಾಲನ್ನು ಮುಟ್ಟಲಿಲ್ಲ.

ಗಿಟ್ ಮಾಡುವ ಈ ಕೆಲಸಕ್ಕೆ ವರ್ಷನ್ ಕಂಟ್ರೋಲ್ ಅನ್ನುತ್ತಾರೆ. ಅದು ಅಂದರೆ ಬ್ಯಾಕಪ್ ಅಂತ ತುಂಬಾ ಜನ ತಿಳಿದಿರುತ್ತಾರೆ. ಬ್ಯಾಕಪ್ ಕೂಡ ಹೌದು. ಆದರೆ ಬ್ಯಾಕಪ್ ನೋಡಿದರೆ ಹಿಂದೆ ಏನಿತ್ತು ಅಂತ ಮಾತ್ರ ಗೊತ್ತಾಗುತ್ತದೆ. ಯಾಕೆ ಹಾಗಿತ್ತು ಅಂತ ಗೊತ್ತಾಗಬೇಕಾದರೆ, ಬದಲಾವಣೆ ಮಾಡಿದವರು ಮಾಡಿದ ಹೊತ್ತಿನಲ್ಲೇ ನಾಲ್ಕು ಮಾತು ಬರೆದಿಟ್ಟಿರಬೇಕು. ಗಿಟ್ ಆ ಮಾತನ್ನು ಕೋಡಿನ ಸಾಲಿಗೇ ಗಂಟು ಹಾಕಿ ಇಡುತ್ತದೆ. ನನ್ನ ಮಟ್ಟಿಗೆ ಗಿಟ್‌ನ ದೊಡ್ಡ ಉಪಕಾರ ಇದೇ. ಉಳಿದ ಆಜ್ಞೆಗಳೆಲ್ಲ ಇದರ ಸುತ್ತ ಬರುತ್ತವೆ.

ಒಳಗೆ ಏನಿದೆ

ಗಿಟ್ ಕಲಿಯುವವರು ಆಜ್ಞೆಗಳನ್ನು ಬಾಯಿಪಾಠ ಮಾಡಲು ಹೋಗಿ ಸುಸ್ತಾಗುತ್ತಾರೆ. ಒಳಗಿನ ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿದರೆ ಆಜ್ಞೆಗಳು ಹೆದರಿಸುವುದಿಲ್ಲ. ಆ ಚಿತ್ರ ದೊಡ್ಡದೇನೂ ಅಲ್ಲ.

ನೀವು ಕಮಿಟ್ ಮಾಡಿದಾಗ ಗಿಟ್ ಇಡೀ ಪ್ರಾಜೆಕ್ಟಿನ ಒಂದು ಫೋಟೋ ತೆಗೆದಿಡುತ್ತದೆ ಅಂತ ಇಟ್ಟುಕೊಳ್ಳಿ. ಎಲ್ಲ ಫೈಲೂ ಹೇಗಿದ್ದವೋ ಹಾಗೆ. ಹಾಗಾದರೆ ಡಿಸ್ಕ್ ತುಂಬಿಹೋಗುವುದಿಲ್ಲವಾ? ಇಲ್ಲ. ಬದಲಾಗದ ಫೈಲನ್ನು ಮತ್ತೆ ಇಡುವುದಿಲ್ಲ, ಮೊದಲು ಇಟ್ಟದ್ದನ್ನೇ ತೋರಿಸುತ್ತದೆ. ಆಮೇಲೆ ಎಲ್ಲವನ್ನೂ ಒತ್ತಿ ಸಣ್ಣದು ಮಾಡಿ ಕಟ್ಟಿಡುತ್ತದೆ. ಆ ಫೋಟೋ ಜೊತೆ ನಾಲ್ಕು ವಿವರ ಇರುತ್ತವೆ: ಯಾರು ಮಾಡಿದರು, ಯಾವಾಗ, ಇದರ ಹಿಂದಿನ ಕಮಿಟ್ ಯಾವುದು, ಮತ್ತು ಸಂದೇಶ.

ಇವೆಲ್ಲ ಸೇರಿ ಒಂದು ಲೆಕ್ಕಾಚಾರ ನಡೆದು 40 ಅಂಕಿ-ಅಕ್ಷರಗಳ ಒಂದು ಗುರುತು ಹುಟ್ಟುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ದಿನದ ಕೆಲಸದಲ್ಲಿ ಮೊದಲ ಏಳು ಬಳಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಿಂದಿನ ಕಮಿಟ್‌ನ ಹ್ಯಾಶ್ ಕೂಡ ಈ ಲೆಕ್ಕದೊಳಗೆ ಇರುವುದರಿಂದ, ಹಳೆಯ ಕಮಿಟ್‌ನಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಅದರ ನಂತರದ ಎಲ್ಲ ಕಮಿಟ್‌ಗಳ ಹ್ಯಾಶೂ ಬದಲಾಗುತ್ತದೆ. ಕದ್ದು ತಿದ್ದಿದರೆ ಸಿಕ್ಕಿಬೀಳುತ್ತದೆ ಅಂತ ಅರ್ಥ.

ಇನ್ನು ಬ್ರಾಂಚ್. ಹೊಸಬರಿಗೆ ಬ್ರಾಂಚ್ ಅಂದರೆ ಪ್ರಾಜೆಕ್ಟಿನ ಇನ್ನೊಂದು ಪ್ರತಿ ಅನ್ನಿಸುತ್ತದೆ. ಹಾಗೇನಿಲ್ಲ. ನಿಮ್ಮ ಪ್ರಾಜೆಕ್ಟಿನಲ್ಲಿ ‘ಡಾಟ್ ಗಿಟ್’ ಅನ್ನುವ ಫೋಲ್ಡರ್ ತೆರೆದು, ‘ರೆಫ್ಸ್’ ಒಳಗೆ ‘ಹೆಡ್ಸ್’ಗೆ ಹೋಗಿ ನೋಡಿ. ಬ್ರಾಂಚಿನ ಹೆಸರಿನಲ್ಲಿ ಒಂದು ಪುಟ್ಟ ಫೈಲ್ ಸಿಗುತ್ತದೆ. ಅದರೊಳಗೆ ಒಂದು ಹ್ಯಾಶ್, ಅಷ್ಟೇ. 40 ಅಕ್ಷರ, ಕೊನೆಯಲ್ಲಿ ಒಂದು ಹೊಸ ಸಾಲಿನ ಗುರುತು, ಒಟ್ಟು 41 ಬೈಟ್. ಲಕ್ಷ ಫೈಲಿನ ಪ್ರಾಜೆಕ್ಟ್ ಆದರೂ ಹೊಸ ಬ್ರಾಂಚ್ ಅಂದರೆ ಒಂದು ಕಮಿಟ್‌ನ ಕಡೆ ಬೆರಳು ತೋರಿಸುವ ಇಷ್ಟೇ ಇಷ್ಟು ಫೈಲ್. ಹಾಗಾಗಿ ಬ್ರಾಂಚ್ ಮಾಡಲು ಜಿಪುಣತನ ಬೇಡ. ಅರ್ಧ ಗಂಟೆಯ ಪ್ರಯೋಗಕ್ಕೂ ಒಂದು ಬ್ರಾಂಚ್ ಮಾಡಿ. ಕೈಗೂಡದಿದ್ದರೆ ಬಿಟ್ಟುಬಿಡಿ.

ಈ ಹಗುರ ಸುಮ್ನೆ ಬಂದದ್ದಲ್ಲ. ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ 1972ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತ್ತು. ನಂತರ ಬಂದ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಇತಿಹಾಸವೆಲ್ಲ ಒಂದು ಸರ್ವರ್‌ನಲ್ಲಿ ಇರುತ್ತಿತ್ತು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವವರು 2002ರಿಂದ ಬಿಟ್‌ಕೀಪರ್ ಅನ್ನುವ ಕಂಪನಿ ತಂತ್ರಾಂಶವನ್ನು ಉಚಿತವಾಗಿ ಬಳಸುತ್ತಿದ್ದರು. 2005ರಲ್ಲಿ ಆ ಉಚಿತ ಬಳಕೆ ನಿಂತುಹೋಯಿತು. ಸಾವಿರಾರು ಫೈಲು, ಜಗತ್ತಿನ ಮೂಲೆಮೂಲೆಯಿಂದ ಬರುವ ತಿದ್ದುಪಡಿಗಳು, ಕೈಯಲ್ಲಿ ಸಾಧನ ಇಲ್ಲ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಆ ಏಪ್ರಿಲ್‌ನಲ್ಲಿ ತಾವೇ ಬರೆಯಲು ಕುಳಿತರು. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನದೇ ಕೋಡನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಜೂನ್‌ನಲ್ಲಿ ಬಂದ ಲಿನಕ್ಸ್ 2.6.12 ಗಿಟ್‌ನಲ್ಲೇ ತಯಾರಾಯಿತು. ಜುಲೈನಲ್ಲಿ ಜುನಿಯೊ ಹಮಾನೊ ಅನ್ನುವ ಪ್ರೋಗ್ರಾಮರ್ ಗಿಟ್ ನೋಡಿಕೊಳ್ಳುವ ಹೊಣೆ ವಹಿಸಿಕೊಂಡರು.

ಅಷ್ಟು ಜನರಿಗೆ ಒಂದೇ ಸರ್ವರ್ ಅಂದರೆ ಆಗದ ಮಾತು. ಅದಕ್ಕೇ ಗಿಟ್‌ನಲ್ಲಿ ಕ್ಲೋನ್ ಮಾಡಿಕೊಂಡ, ಅಂದರೆ ಪ್ರಾಜೆಕ್ಟಿನ ಪ್ರತಿ ಇಳಿಸಿಕೊಂಡ, ಪ್ರತಿಯೊಬ್ಬರ ಬಳಿಯೂ ಸಾಮಾನ್ಯವಾಗಿ ಇಡೀ ಇತಿಹಾಸ ಇರುತ್ತದೆ. ಊರಿಗೆ ಹೋಗುವ ಬಸ್ಸಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕಮಿಟ್ ಮಾಡಬಹುದು, ಹಳೆಯದನ್ನು ಹುಡುಕಬಹುದು, ಬ್ರಾಂಚ್ ಬದಲಿಸಬಹುದು. ಗಿಟ್‌ಹಬ್, ಗಿಟ್‌ಲ್ಯಾಬ್ ಅಂದರೇ ಗಿಟ್ ಅಂತ ತಿಳಿಯಬೇಡಿ. ಅವು ನಾವೆಲ್ಲ ಸೇರಿ ವಿನಿಮಯ ಮಾಡಿಕೊಳ್ಳುವ ಜಾಗಗಳು. ಗಿಟ್ ಇರುವುದು ನಿಮ್ಮ ಕಂಪ್ಯೂಟರಿನಲ್ಲೇ.

ಬೆಳಿಗ್ಗೆಯಿಂದ ಸಂಜೆ

ಬೆಳಿಗ್ಗೆ ‘ಪುಲ್’ ಮಾಡಿ ಬೇರೆಯವರ ಕೆಲಸ ತರಿಸಿಕೊಳ್ಳುವುದು, ಹೊಸ ಬ್ರಾಂಚ್ ತೆರೆಯುವುದು, ಕೋಡ್ ಬರೆಯುವುದು, ಕಮಿಟ್, ಕೊನೆಗೆ ‘ಪುಶ್’ ಮಾಡಿ ನಮ್ಮ ಕೆಲಸ ಕಳಿಸಿ, ಅದನ್ನು ಸೇರಿಸಿಕೊಳ್ಳಿ ಅನ್ನುವ ಪುಲ್ ರಿಕ್ವೆಸ್ಟ್ ಹಾಕುವುದು. ದಿನಚರಿ ಇಷ್ಟೇ. ಇದರಲ್ಲಿ ಗಮನ ಬೇಡುವುದು ಕಮಿಟ್.

ಕೋಡ್ ಬರೆಯುವಾಗ ನಾವು ಒಂದೇ ಕೆಲಸ ಮಾಡುವುದಿಲ್ಲ ಅಲ್ವಾ? ರಿಯಾಯಿತಿ ಲೆಕ್ಕ ಸರಿಮಾಡಲು ಹೋಗಿ, ಅಲ್ಲೇ ಕಂಡ ಕಾಗುಣಿತ ತಪ್ಪನ್ನೂ ತಿದ್ದಿರುತ್ತೇವೆ, ಪರೀಕ್ಷೆಗೆ ಅಂತ ಎರಡು ಪ್ರಿಂಟ್ ಸಾಲು ಹಾಕಿರುತ್ತೇವೆ. ಎಲ್ಲವನ್ನೂ ಒಂದೇ ಕಮಿಟ್‌ಗೆ ತುಂಬಿದರೆ ನಾಳೆ ಅದನ್ನು ಓದುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಗಿಟ್ ಮಧ್ಯೆ ಒಂದು ಬುಟ್ಟಿ ಇಟ್ಟಿದೆ. ಅದರ ಹೆಸರು ಸ್ಟೇಜಿಂಗ್. ‘ಗಿಟ್ ಆಡ್’ ಅಂದರೆ ಬುಟ್ಟಿಗೆ ಹಾಕುವುದು. ‘ಗಿಟ್ ಕಮಿಟ್’ ಅಂದರೆ ಬುಟ್ಟಿಯಲ್ಲಿ ಇರುವಷ್ಟನ್ನು ಮಾತ್ರ ದಾಖಲಿಸುವುದು.

ಆಡ್ ಜೊತೆ ‘ಮೈನಸ್ ಪಿ’ ಸೇರಿಸಿ ನೋಡಿ. ನಿಮ್ಮ ಬದಲಾವಣೆಯನ್ನು ತುಂಡು ತುಂಡಾಗಿ ತೋರಿಸಿ, ‘ಇದು ಬೇಕಾ?’ ಅಂತ ಒಂದೊಂದಕ್ಕೂ ಕೇಳುತ್ತದೆ. ಕಾಗುಣಿತದ್ದು ಒಂದು ಕಮಿಟ್, ರಿಯಾಯಿತಿಯದ್ದು ಇನ್ನೊಂದು, ಪ್ರಿಂಟ್ ಸಾಲುಗಳು ಯಾವುದಕ್ಕೂ ಬೇಡ. ದಿನಕ್ಕೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಕಮಿಟ್ ಮಾಡುವ ಮುಂಚೆ ನನ್ನ ಕೋಡನ್ನು ನಾನೇ ಒಮ್ಮೆ ಓದಿದಂತಾಗುತ್ತದೆ. ನನ್ನ ತಪ್ಪುಗಳಲ್ಲಿ ಅರ್ಧದಷ್ಟು ಇಲ್ಲೇ ಕಣ್ಣಿಗೆ ಬೀಳುತ್ತವೆ.

ಸಂದೇಶದ ಮೊದಲ ಸಾಲು ಚಿಕ್ಕದಿರಲಿ, 50 ಅಕ್ಷರದ ಆಸುಪಾಸು. ಆಮೇಲೆ ಒಂದು ಖಾಲಿ ಸಾಲು. ಕೆಳಗೆ ಕಾರಣ. ‘ಫಿಕ್ಸ್’, ‘ಅಪ್‌ಡೇಟ್’, ‘ಸಣ್ಣ ಬದಲಾವಣೆ’ ಅಂತ ಬರೆದರೆ ಬರೆಯದಿದ್ದಂತೆಯೇ. 32 ಇದ್ದದ್ದು 31 ಆಗಿದೆ ಅಂತ ಡಿಫ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ) ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಪ್ರಿಂಟರ್ ಖಾಲಿ ಸಾಲು ಬಿಡುತ್ತಿತ್ತು ಅನ್ನುವುದು ಡಿಫ್‌ನಲ್ಲಿ ಎಲ್ಲೂ ಇಲ್ಲ. ಅದನ್ನೇ ಬರೆಯಬೇಕು.

ಇಬ್ಬರೂ ಒಂದೇ ಸಾಲು ಮುಟ್ಟಿದಾಗ

ಮರ್ಜ್ ಕಾನ್‌ಫ್ಲಿಕ್ಟ್ ಅಂದರೆ ಸಾಕು, ಎಷ್ಟೋ ಜನರ ಎದೆ ಹೊಡೆದುಕೊಳ್ಳುತ್ತದೆ. ಎರಡು ಬ್ರಾಂಚ್ ಒಂದುಗೂಡಿಸುವುದು ಮರ್ಜ್, ಆಗ ಎರಡು ಬದಲಾವಣೆ ಒಂದಕ್ಕೊಂದು ಡಿಕ್ಕಿಯಾಗುವುದೇ ಕಾನ್‌ಫ್ಲಿಕ್ಟ್. ಒಂದನ್ನು ಹತ್ತಿರದಿಂದ ನೋಡೋಣ. ಸೆಟ್ಟಿಂಗ್ ಫೈಲಿನಲ್ಲಿ ‘ಡೆಲಿವರಿ ಶುಲ್ಕ: 40’ ಅಂತ ಇತ್ತು. ನಾನು ನನ್ನ ಬ್ರಾಂಚಿನಲ್ಲಿ 50 ಮಾಡಿದೆ. ಅದೇ ವಾರ ಸಹೋದ್ಯೋಗಿ ತಮ್ಮ ಬ್ರಾಂಚಿನಲ್ಲಿ, 500 ರೂಪಾಯಿ ದಾಟಿದರೆ ಶುಲ್ಕ ಬೇಡ ಅನ್ನುವುದನ್ನು ಸೇರಿಸಿದರು. ಮರ್ಜ್ ಮಾಡಿದಾಗ ಫೈಲಿನಲ್ಲಿ ಕಂಡದ್ದು ಇದು:

<<<<<<<
ಡೆಲಿವರಿ ಶುಲ್ಕ: 50
=======
ಡೆಲಿವರಿ ಶುಲ್ಕ: 40, 500 ದಾಟಿದರೆ ಇಲ್ಲ
>>>>>>>

ಮೇಲಿನದು ನನ್ನದು, ಕೆಳಗಿನದು ಅವರದು. ಅವಸರದಲ್ಲಿರುವವರು ಎರಡರಲ್ಲಿ ಒಂದನ್ನು ಆರಿಸಿ ಮುಂದೆ ಹೋಗುತ್ತಾರೆ. ಯಾವುದನ್ನು ಆರಿಸಿದರೂ ತಪ್ಪು. ನನ್ನದನ್ನು ಇಟ್ಟರೆ ಅವರ ಕೆಲಸ ಅಳಿಸಿಹೋಯಿತು, ಅವರದನ್ನು ಇಟ್ಟರೆ ನನ್ನದು.

ಗಿಟ್ ಮರ್ಜ್ ಮಾಡುವಾಗ ಎರಡಲ್ಲ, ಮೂರು ಪ್ರತಿ ನೋಡುತ್ತದೆ: ನನ್ನದು, ಅವರದು, ಮತ್ತು ನಾವಿಬ್ಬರೂ ಕವಲೊಡೆದ ಜಾಗದಲ್ಲಿ ಇದ್ದ ಮೂಲ. ಮೂಲಕ್ಕೆ ಹೋಲಿಸಿ, ಒಂದು ಕಡೆ ಮಾತ್ರ ಬದಲಾಗಿದ್ದರೆ ಆ ಬದಲಾವಣೆಯನ್ನು ತೆಗೆದುಕೊಳ್ಳುತ್ತದೆ. ಎರಡೂ ಕಡೆ ಒಂದೇ ಜಾಗ ಬೇರೆ ಬೇರೆಯಾಗಿ ಬದಲಾಗಿದ್ದರೆ ಮಾತ್ರ ನಿಮ್ಮನ್ನು ಕೇಳುತ್ತದೆ. ಆದರೆ ಕೇಳುವಾಗ ಆ ಮೂಲವನ್ನು ತೋರಿಸುವುದಿಲ್ಲ. ತೋರಿಸು ಅಂತ ಹೇಳಲು ‘ಮರ್ಜ್ ಡಾಟ್ ಕಾನ್‌ಫ್ಲಿಕ್ಟ್‌ಸ್ಟೈಲ್’ ಅನ್ನುವ ಸೆಟ್ಟಿಂಗನ್ನು ‘ಡಿಫ್3’ ಅಂತ ಬದಲಿಸಬೇಕು. ಆಗ ಇದೇ ಜಗಳ ಹೀಗೆ ಕಾಣುತ್ತದೆ:

<<<<<<<
ಡೆಲಿವರಿ ಶುಲ್ಕ: 50
|||||||
ಡೆಲಿವರಿ ಶುಲ್ಕ: 40
=======
ಡೆಲಿವರಿ ಶುಲ್ಕ: 40, 500 ದಾಟಿದರೆ ಇಲ್ಲ
>>>>>>>

ಈಗ ನೋಡಿ. ಮೂಲ 40. ಅವರು ಆ 40ನ್ನು ಮುಟ್ಟೇ ಇಲ್ಲ, ನಿಯಮವನ್ನು ಮಾತ್ರ ಸೇರಿಸಿದ್ದಾರೆ. ನಾನು ಅಂಕಿಯನ್ನು ಮಾತ್ರ ಬದಲಿಸಿದ್ದೇನೆ. ಹಾಗಾದರೆ ಸರಿ ಉತ್ತರ ‘50, 500 ದಾಟಿದರೆ ಇಲ್ಲ’. ಎರಡೂ ಕಡೆ ಇಲ್ಲದ ಮೂರನೆಯ ಸಾಲು ಅದು. ಮೂಲ ಕಣ್ಣೆದುರು ಇದ್ದರೆ ಹತ್ತರಲ್ಲಿ ಎಂಟು ಜಗಳ ಹೀಗೇ ಸಲೀಸಾಗಿ ಬಗೆಹರಿಯುತ್ತವೆ ಅನ್ನುವುದು ನನ್ನ ಅನುಭವ. ಈ ಸೆಟ್ಟಿಂಗ್ ಇಲ್ಲದೆ ಹೊಸ ಕಂಪ್ಯೂಟರಿನಲ್ಲಿ ನಾನು ಕೆಲಸವನ್ನೇ ಶುರು ಮಾಡುವುದಿಲ್ಲ.

ನನಗೆ ಕಾನ್‌ಫ್ಲಿಕ್ಟ್‌ಗಿಂತ ಜಾಸ್ತಿ ಭಯ ಇರುವುದು ಕಾನ್‌ಫ್ಲಿಕ್ಟ್ ಇಲ್ಲದ ಮರ್ಜ್ ಬಗ್ಗೆ. ಒಟ್ಟು ಮೊತ್ತ ಕೊಡುವ ಫಂಕ್ಷನ್ ರೂಪಾಯಿಯಲ್ಲಿ ಉತ್ತರ ಕೊಡುತ್ತಿತ್ತು ಅನ್ನಿ. ಒಬ್ಬರು ಅದನ್ನು ಪೈಸೆಗೆ ಬದಲಿಸಿ, ಅದನ್ನು ಬಳಸುವ ಜಾಗಗಳನ್ನೆಲ್ಲ ತಿದ್ದಿದರು. ಅದೇ ಹೊತ್ತಿಗೆ ಇನ್ನೊಬ್ಬರು ಬೇರೆ ಫೈಲಿನಲ್ಲಿ ಹೊಸದಾಗಿ ಆ ಫಂಕ್ಷನ್ ಕರೆದು, ಉತ್ತರವನ್ನು ರೂಪಾಯಿ ಅಂತಲೇ ಮುದ್ರಿಸಿದರು. ಇಬ್ಬರೂ ಒಂದೇ ಸಾಲು ಮುಟ್ಟಿಲ್ಲ. ಗಿಟ್ ತಕರಾರಿಲ್ಲದೆ ಸೇರಿಸುತ್ತದೆ. 250 ರೂಪಾಯಿಯ ಬಿಲ್ 25,000 ಆಗುತ್ತದೆ. ಗಿಟ್ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ಮರ್ಜ್ ಆದ ಮೇಲೆ ಟೆಸ್ಟ್‌ಗಳನ್ನು ಮತ್ತೆ ಓಡಿಸಲೇಬೇಕು ಅನ್ನುವುದು ಇದಕ್ಕೇ. ಬ್ರಾಂಚ್ ವಾರಗಟ್ಟಲೆ ಬೆಳೆಯಲು ಬಿಡಬೇಡಿ ಅನ್ನುವುದೂ ಇದಕ್ಕೇ. ಎರಡು ದಿನದ ಬ್ರಾಂಚ್‌ನಲ್ಲಿ ಇಂಥದ್ದು ನಡೆಯಲು ಜಾಗ ಕಡಿಮೆ.

ಕಳೆದುಹೋಯಿತು ಅನ್ನಿಸಿದಾಗ

ಒಂದು ರಾತ್ರಿ ಎಂಟರ ಸುಮಾರಿಗೆ ತಂಡದ ಹೊಸ ಹುಡುಗಿ ಫೋನ್ ಮಾಡಿದಳು. ‘ಸರ್, ರೀಸೆಟ್ ಹಾರ್ಡ್ ಕೊಟ್ಟುಬಿಟ್ಟೆ. ಮೂರು ದಿನದ ಕೆಲಸ ಹೋಯ್ತು.’ ದನಿ ನಡುಗುತ್ತಿತ್ತು. ‘ಕಮಿಟ್ ಮಾಡಿದ್ಯಾ?’ ಅಂತ ಕೇಳಿದೆ. ನಾಲ್ಕು ಕಮಿಟ್ ಆಗಿತ್ತು. ‘ಹಾಗಾದರೆ ಏನೂ ಹೋಗಿಲ್ಲ. ಗಿಟ್ ರೆಫ್‌ಲಾಗ್ ಅಂತ ಕೊಡಮ್ಮ.’

ಬ್ರಾಂಚ್ ಅಂದರೆ ಬೆರಳು ತೋರಿಸುವ ಫೈಲ್ ಅಂತ ಮೇಲೆ ಹೇಳಿದೆನಲ್ಲ. ಅವಳು ಕೊಟ್ಟ ರೀಸೆಟ್ ಆ ಬೆರಳನ್ನು ಹಿಂದಿನ ಕಮಿಟ್ ಕಡೆ ತಿರುಗಿಸಿತ್ತು. ನಾಲ್ಕು ಕಮಿಟ್‌ಗಳು ಇದ್ದಲ್ಲೇ ಇದ್ದವು, ಅವುಗಳನ್ನು ತೋರಿಸುವವರು ಇರಲಿಲ್ಲ ಅಷ್ಟೇ. ಬೆರಳು ಯಾವಾಗ ಎಲ್ಲೆಲ್ಲಿ ತಿರುಗಿತು ಅಂತ ರೆಫ್‌ಲಾಗ್ ಬರೆದಿಟ್ಟಿರುತ್ತದೆ. ನೀವು ಸೆಟ್ಟಿಂಗ್ ಬದಲಿಸದಿದ್ದರೆ ಇಂಥ ಅನಾಥ ಕಮಿಟ್‌ಗಳ ದಾಖಲೆ 30 ದಿನ ಉಳಿದಿರುತ್ತದೆ. ಪಟ್ಟಿಯಲ್ಲಿ ಹಳೆಯ ಹ್ಯಾಶ್ ಸಿಕ್ಕಿತು, ಅದರ ಮೇಲೆ ಹೊಸ ಬ್ರಾಂಚ್ ಮಾಡಿಸಿದೆ, ಕೆಲಸ ವಾಪಸ್ ಬಂತು. ಆದರೆ ಆ ಸಂಜೆ ಬರೆದು, ಕಮಿಟ್ ಮಾಡದೆ ಇಟ್ಟಿದ್ದ ತಿದ್ದುಪಡಿಗಳು ಬರಲಿಲ್ಲ. ಬುಟ್ಟಿಗಾದರೂ ಹಾಕಿದ್ದರೆ ‘ಎಫ್‌ಎಸ್‌ಸಿಕೆ’ ಅನ್ನುವ ತಪಾಸಣೆಯ ಆಜ್ಞೆ ಬಳಸಿ ಹುಡುಕಬಹುದಿತ್ತು. ಅವಳು ಹಾಕಿರಲಿಲ್ಲ. ಎರಡು ಗಂಟೆಯ ಕೆಲಸ ಮತ್ತೆ ಮಾಡಬೇಕಾಯಿತು.

ಜನ ಹೆದರುವುದು ಕಮಿಟ್ ಮಾಡಲು. ‘ಇನ್ನೂ ಪೂರ್ತಿ ಆಗಿಲ್ಲ, ಆಮೇಲೆ ಮಾಡೋಣ’ ಅನ್ನುತ್ತಾರೆ. ನಿಜವಾದ ಅಪಾಯ ಇರುವುದು ಆ ‘ಆಮೇಲೆ’ಯಲ್ಲಿ. ಒಮ್ಮೆ ಕಮಿಟ್ ಆದದ್ದನ್ನು ಕಳೆದುಕೊಳ್ಳುವುದು ಬಲು ಕಷ್ಟ. ಕಮಿಟ್ ಆಗದ್ದನ್ನು ‘ಗಿಟ್ ರಿಸ್ಟೋರ್’ ಅನ್ನುವ ಸೌಮ್ಯ ಹೆಸರಿನ ಆಜ್ಞೆಯೂ ಗುಡಿಸಿ ಹಾಕಬಲ್ಲದು. ನಿಮ್ಮದೇ ಬ್ರಾಂಚಿನಲ್ಲಿ ಅರೆಬರೆ ಕಮಿಟ್ ಇದ್ದರೂ ಚಿಂತೆಯಿಲ್ಲ. ಹಂಚಿಕೊಳ್ಳುವ ಮುಂಚೆ ಅವನ್ನು ಒಪ್ಪ ಮಾಡಬಹುದು.

ಹಂಚಿಕೊಂಡ ಮೇಲೆ ಮಾತ್ರ ಲೆಕ್ಕ ಬೇರೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಜಮೆ ಬಿದ್ದರೆ ಹಾಳೆ ಹರಿಯುವುದಿಲ್ಲ, ಎದುರಾಗಿ ಇನ್ನೊಂದು ನಮೂದು ಹಾಕಿ ಸರಿದೂಗಿಸುತ್ತಾರೆ. ‘ಗಿಟ್ ರಿವರ್ಟ್’ ಮಾಡುವುದು ಅದನ್ನೇ. ಹಳೆಯ ಕಮಿಟ್ ಹಾಗೇ ಉಳಿಯುತ್ತದೆ, ಅದನ್ನು ರದ್ದು ಮಾಡುವ ಹೊಸ ಕಮಿಟ್ ಬರುತ್ತದೆ. ಎಲ್ಲರೂ ಬಳಸುವ ಬ್ರಾಂಚಿನಲ್ಲಿ ಇತಿಹಾಸ ತಿದ್ದಿ, ಅಲ್ಲಿರುವುದರ ಮೇಲೆ ಬಲವಂತವಾಗಿ ಬರೆಯುವ ‘ಫೋರ್ಸ್ ಪುಶ್’ ಮಾಡಿದರೆ ಉಳಿದವರ ಪ್ರತಿ ನಿಮ್ಮದಕ್ಕೆ ಹೊಂದುವುದಿಲ್ಲ. ನಿಮ್ಮ ಸ್ವಂತ ಬ್ರಾಂಚಿಗೆ ಫೋರ್ಸ್ ಬೇಕೇ ಬೇಕು ಅಂದಾಗ ‘ಫೋರ್ಸ್ ವಿತ್ ಲೀಸ್’ ಬಳಸಿ. ನೀವು ಕೊನೆಯ ಬಾರಿ ತರಿಸಿಕೊಂಡ ಮೇಲೆ ಬೇರೆ ಯಾರಾದರೂ ಅಲ್ಲಿ ಕೆಲಸ ಸೇರಿಸಿದ್ದರೆ ಅದು ತಡೆಯುತ್ತದೆ.

ಪಾಸ್‌ವರ್ಡ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಡೇಟಾಬೇಸ್ ಪಾಸ್‌ವರ್ಡ್ ತಪ್ಪಿ ಕಮಿಟ್ ಆಗಿ ಪುಶ್ ಆದರೆ, ಮುಂದಿನ ಕಮಿಟ್‌ನಲ್ಲಿ ಆ ಸಾಲು ಅಳಿಸಿ ಪ್ರಯೋಜನವಿಲ್ಲ. ಹಿಂದಿನ ಫೋಟೋದಲ್ಲಿ ಅದು ಇದ್ದೇ ಇರುತ್ತದೆ, ಕ್ಲೋನ್ ಮಾಡಿದವರೆಲ್ಲರ ಬಳಿಯೂ. ಮೊದಲು ಪಾಸ್‌ವರ್ಡ್ ಬದಲಿಸಿ. ಇತಿಹಾಸ ಶುಚಿ ಮಾಡುವುದು ಆಮೇಲಿನ ಕೆಲಸ.

ತಪ್ಪು ಹುಟ್ಟಿದ ದಿನ

ಚಿಕ್ಕ ಕಮಿಟ್‌ಗಳ ಫಲ ಕೈಗೆ ಸಿಗುವುದು ‘ಬೈಸೆಕ್ಟ್’ನಲ್ಲಿ. ಕಳೆದ ತಿಂಗಳು ಸರಿಯಿದ್ದದ್ದು ಇವತ್ತು ಕೆಟ್ಟಿದೆ, ಮಧ್ಯೆ 1000 ಕಮಿಟ್ ಆಗಿವೆ ಅನ್ನಿ. ಸರಿಯಿದ್ದ ಕಮಿಟ್ ಯಾವುದು, ಕೆಟ್ಟದ್ದು ಯಾವುದು ಅಂತ ಹೇಳಿದರೆ ಗಿಟ್ ನಟ್ಟನಡುವಿನದನ್ನು ತೆಗೆದುಕೊಡುತ್ತದೆ. ನೀವು ಓಡಿಸಿ ನೋಡಿ ‘ಗುಡ್’ ಅಥವಾ ‘ಬ್ಯಾಡ್’ ಅನ್ನಬೇಕು. ಪ್ರತಿ ಉತ್ತರಕ್ಕೂ ಅರ್ಧ ಕಮಿಟ್‌ಗಳು ಪಕ್ಕಕ್ಕೆ ಸರಿಯುತ್ತವೆ. ಹೆಚ್ಚುಕಡಿಮೆ ಹತ್ತು ಬಾರಿ ನೋಡಿದರೆ ತಪ್ಪು ಹುಟ್ಟಿದ ಕಮಿಟ್ ಸಿಕ್ಕಿತು. ಟೆಸ್ಟ್ ಬರೆದಿದ್ದರೆ ಆ ಹತ್ತು ಬಾರಿಯೂ ಗಿಟ್ ತಾನೇ ಓಡಿಸಿಕೊಳ್ಳುತ್ತದೆ. ಸಿಕ್ಕ ಕಮಿಟ್ 15 ಸಾಲಿನದ್ದಾದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. 3000 ಸಾಲಿನದ್ದಾದರೆ ಹುಡುಕಾಟ ಅಲ್ಲಿಂದ ಶುರು.

ಕನ್ನಡದ ಫೈಲುಗಳಿಗೆ

ಕನ್ನಡದಲ್ಲಿ ಅನುವಾದ, ಪಠ್ಯ, ಸಂದೇಶಗಳ ಫೈಲು ಇಟ್ಟುಕೊಂಡವರಿಗೆ ಕೆಲವು ವಿಷಯ ಗೊತ್ತಿರಬೇಕು. ‘ಕನ್ನಡ’ ಅಂತ ಫೈಲಿಗೆ ಹೆಸರಿಟ್ಟು ‘ಗಿಟ್ ಸ್ಟೇಟಸ್’ ಕೊಟ್ಟರೆ ‘\340\262\225’ ಅಂತ ಶುರುವಾಗುವ ಅಂಕಿಗಳ ಸಾಲು ಕಾಣಬಹುದು. ಫೈಲ್ ಕೆಟ್ಟಿಲ್ಲ. ಆ ಮೂರು ಅಂಕಿ ಸೇರಿದರೆ ‘ಕ’. ‘ಕೋರ್ ಡಾಟ್ ಕೋಟ್‌ಪಾತ್’ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಹೆಸರು ಕನ್ನಡದಲ್ಲೇ ಬರುತ್ತದೆ.

ಎರಡನೆಯದು ಇನ್ನೂ ಕಾಡುವಂಥದ್ದು. ಡಿಫ್‌ನಲ್ಲಿ ಸಾಲು ಬದಲಾಗಿದೆ ಅಂತ ತೋರಿಸುತ್ತದೆ, ಆದರೆ ಎರಡೂ ಸಾಲು ಕಣ್ಣಿಗೆ ಒಂದೇ. ‘ಕೊ’ ಅನ್ನುವುದರ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ‘ಎ’ ಮತ್ತು ‘ಊ’ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಪದದ ಕೊನೆಯಲ್ಲಿ ಉಳಿದಿದ್ದರೂ ಹೀಗೇ ಆಗುತ್ತದೆ. ಇಬ್ಬರ ಕೀಬೋರ್ಡ್ ತಂತ್ರಾಂಶ ಬೇರೆಯಾದರೆ ಸಾಕು. ಗಿಟ್‌ಗೆ ಬೈಟ್ ಮುಖ್ಯ, ಕಾಣುವ ರೂಪ ಅಲ್ಲ. ಕಮಿಟ್‌ಗೆ ಮುಂಚೆ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತರುವ ಸಣ್ಣ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಕಾಣದ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ಬೇರೆಯಾಗಿ ನೋಡಬೇಕು. ಉದ್ದ ವಾಕ್ಯಗಳಲ್ಲಿ ಯಾವ ಪದ ಬದಲಾಯಿತು ಅಂತ ನೋಡಲು ಡಿಫ್ ಜೊತೆ ‘ವರ್ಡ್ ಡಿಫ್’ ಸೇರಿಸಿದರೆ ಕಣ್ಣಿಗೆ ಹಿತ.

ಕಮಿಟ್ ಸಂದೇಶವನ್ನೂ ಕನ್ನಡದಲ್ಲಿ ಬರೆಯಬಹುದು. ಗಿಟ್ ಅದನ್ನು ಯುಟಿಎಫ್-8 ಅಂತಲೇ ಎಣಿಸುತ್ತದೆ. ನಮ್ಮಲ್ಲಿ ಮೊದಲ ಸಾಲು ಇಂಗ್ಲಿಷಿನಲ್ಲಿ, ಕೆಳಗಿನ ಕಾರಣ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಒಂದು ಸಾಲಿಗೆ ನಿಲ್ಲಿಸುತ್ತಿದ್ದವರು ಕನ್ನಡದಲ್ಲಿ ನಾಲ್ಕು ಸಾಲು ಬಿಡಿಸಿ ಬರೆಯುತ್ತಾರೆ. ‘ಗಿಟ್ ಲಾಗ್’ ಜೊತೆ ‘ಗ್ರೆಪ್’ ಸೇರಿಸಿ ‘ಪ್ರಿಂಟರ್’ ಅಂತ ಹುಡುಕಿದರೆ, ಇಷ್ಟು ವರ್ಷಗಳಲ್ಲಿ ಆ ಪ್ರಿಂಟರ್ ಬಗ್ಗೆ ಯಾರು ಯಾರು ಏನೇನು ಕಂಡುಕೊಂಡರು ಅನ್ನುವುದೆಲ್ಲ ತಾರೀಖಿನ ಜೊತೆ ಸಾಲಾಗಿ ಬರುತ್ತದೆ.